ಹೊತ್ತು ಸಾಗಿಸಿದ ರಾಜಧಾನಿಗಳು

ಮಾಂಡಲೆಯ ಯಾವ ಹೋಟೆಲಿನಲ್ಲಿ ವಿಚಾರಿಸಿದರೂ ಮೊದಲು ಕೈಗೆ ಬರುತ್ತಿದ್ದುದು ‘ಒಂದು ದಿನ, ಮೂರು ರಾಜಧಾನಿ’ ಎಂಬ ಪ್ರವಾಸದ ಚೀಟಿ. ಬೆಳಿಗ್ಗೆ ಮಹಾಮುನಿ ಬುದ್ಧನ ದರ್ಶನ, ಅಲ್ಲಿಂದ ಅಮರಪುರದ ರೇಷ್ಮೆ ಮಗ್ಗಗಳು, ಹತ್ತು ಗಂಟೆ ದಾಟುತ್ತಿದ್ದಂತೆ ಭಿಕ್ಷುಗಳ ಊಟದ ಸಾಲು, ಆಮೇಲೆ ಸಗಾಯಿಂಗ್ ಗುಡ್ಡ, ಊಟ ಮುಗಿಸಿ ಇನ್ವಾದಲ್ಲಿ ಕುದುರೆಗಾಡಿ ಸವಾರಿ, ಹೊತ್ತು ಮುಳುಗುವಾಗ ಊ ಬೇನ್ ಸೇತುವೆ. ದಿನದ ಕೊನೆಗೆ ಪ್ರವಾಸಿಯ ಮೊಬೈಲಿನಲ್ಲಿ ನೂರಾರು ಚಿತ್ರಗಳಿರುತ್ತವೆ. ಅವುಗಳಲ್ಲಿ ಒಂದೇ ಒಂದು ಅರಮನೆ ಇರುವುದಿಲ್ಲ. ಮೂರು ರಾಜಧಾನಿಗಳನ್ನು ಸುತ್ತಿ ಬಂದವರಿಗೆ ಒಂದೂ ಅರಮನೆ ಸಿಗಲಿಲ್ಲ ಎಂದರೆ ಅವೆಲ್ಲ ಎಲ್ಲಿ ಹೋದವು?

ಕಡಿಮೆ ಮಾತಿನ ಉತ್ತರವೆಂದರೆ, ರಾಜರು ಹೊರಟಾಗ ಅವೂ ಹೊರಟವು. ಬರ್ಮಾದ ಅರಮನೆಗಳು ತೇಗದ ಮರದವು. ಕಲ್ಲು ಮತ್ತು ಇಟ್ಟಿಗೆ ಹೆಚ್ಚಾಗಿ ಬುದ್ಧನಿಗೆ ಮೀಸಲು. ರಾಜನಾದರೂ ಮನುಷ್ಯನೇ ಆದ್ದರಿಂದ ಅವನಿಗೆ ಮರದ ಮನೆ. ಮರದ ಮನೆಗೊಂದು ಅನುಕೂಲವಿದೆ. ಕಂಬ ಕಿತ್ತು, ತೊಲೆ ಬಿಚ್ಚಿ, ಆನೆಗಳ ಮೇಲೆ ಹೇರಿ, ಬೇರೆಡೆ ಒಯ್ದು ಮತ್ತೆ ನಿಲ್ಲಿಸಬಹುದು. ಐರಾವತಿ ನದಿಯ ಒಂದೇ ತಿರುವಿನ ಸುತ್ತ, ಒಂದು ದಿನದಲ್ಲಿ ಕಾರಿನಲ್ಲಿ ಮುಗಿಸಬಹುದಾದಷ್ಟು ಜಾಗದಲ್ಲಿ, ಐದು ಶತಮಾನಗಳಿಗೂ ಹೆಚ್ಚು ಕಾಲ ಬರ್ಮಾದ ರಾಜರು ಮಾಡಿದ್ದು ಇದನ್ನೇ. ಸಗಾಯಿಂಗ್, ಇನ್ವಾ, ಮತ್ತೆ ಸಗಾಯಿಂಗ್, ಮತ್ತೆ ಇನ್ವಾ, ಅಮರಪುರ, ಮತ್ತೊಮ್ಮೆ ಇನ್ವಾ, ಮತ್ತೊಮ್ಮೆ ಅಮರಪುರ, ಕೊನೆಗೆ ಮಾಂಡಲೆ. ನಡುನಡುವೆ ಬೇರೆ ಊರುಗಳೂ ಇವೆ. ಓದುಗರ ತಲೆ ತಿರುಗಬಾರದೆಂದು ಬಿಟ್ಟಿದ್ದೇನೆ.

ಈ ತಿರುವನ್ನೇ ಏಕೆ ಹಿಡಿದು ಕುಳಿತರು ಎಂಬುದಕ್ಕೆ ಜ್ಯೋತಿಷಿಗಳ ಕಾರಣ ಒಂದು, ಅಕ್ಕಿಯ ಕಾರಣ ಇನ್ನೊಂದು. ನನಗೆ ಎರಡನೆಯದರಲ್ಲಿ ನಂಬಿಕೆ ಹೆಚ್ಚು. ಬರ್ಮಾದ ಈ ನಡುನಾಡು ಮಳೆ ಕಡಿಮೆಯ ಬಯಲು. ದಕ್ಷಿಣಕ್ಕೆ ಚೌಕ್ಸೆ ಎಂಬ ಪ್ರದೇಶವಿದೆ. ಅಲ್ಲಿ ಪಗಾನ್ ಅರಸರ ಕಾಲದಿಂದಲೂ ಅಣೆಕಟ್ಟು, ಕಾಲುವೆಗಳಿದ್ದವು. ಅಲ್ಲಿನ ಭತ್ತ ಮಿಂಗೆ ನದಿಯ ಮೂಲಕ ದೋಣಿಯಲ್ಲಿ ಬಂದು ಐರಾವತಿಯನ್ನು ಸೇರುವ ಜಾಗವೇ ಇನ್ವಾ. ಆ ಸಂಗಮವನ್ನು ಹಿಡಿದವರಿಗೆ ಸೈನ್ಯಕ್ಕೆ ಅನ್ನ ಹಾಕುವ ಶಕ್ತಿ ಇತ್ತು. ಆದ್ದರಿಂದ ರಾಜರು ಎಷ್ಟು ಸಲ ಎದ್ದು ಹೋದರೂ ಆ ಕಣಜದಿಂದ ಬಹಳ ದೂರ ಹೋಗಲಿಲ್ಲ. ಇನ್ವಾ ಎಂಬ ಹೆಸರಿಗೆ ‘ಕೆರೆಯ ಬಾಯಿ’ ಎಂದು ಅರ್ಥ. ನಮ್ಮ ಹಳೆಯ ಪುಸ್ತಕಗಳಲ್ಲಿ ಕಾಣುವ ‘ಆವಾ’ ಇದೇ.

ಹೆಸರುಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನ್ನಡ ಬಲ್ಲವರಿಗೆ ಈ ಭೂಪಟವನ್ನು ಓದುವ ಒಂದು ಸುಖವಿದೆ. ಅಮರಪುರ ಎಂಬುದಕ್ಕೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇನ್ವಾದ ಆಸ್ಥಾನದ ಹೆಸರು ರತನಾಪುರ, ನಮ್ಮ ರತ್ನಪುರ. ಬರ್ಮೀಯರ ನಾಲಿಗೆಯಲ್ಲಿ ‘ರ’ಕಾರ ‘ಯ’ಕಾರವಾಗುತ್ತದೆ, ಮಾಂಡಲೆಯ ಇನ್ನೊಂದು ಹೆಸರಾದ ಯದನಾಬೋನ್‌ನಲ್ಲಿರುವ ‘ಯದನಾ’ ಕೂಡ ರತ್ನವೇ. ದಕ್ಷಿಣದ ಹಂಥಾವಡಿ, ಹಂಸಾವತಿ. ಪಾಳಿ ಭಾಷೆಯ ಬೆನ್ನೇರಿ ಹೋದ ಈ ಪದಗಳನ್ನು ಕೇಳುವಾಗ ಪರಿಚಿತರ ಮನೆಗೆ ಹೋದಂತೆ ಅನ್ನಿಸುತ್ತದೆ. ಆದರೆ ಹೆಸರನ್ನು ನಂಬಿ ಮೋಸ ಹೋಗಬಾರದು. 1783ರಲ್ಲಿ ‘ಅಮರ’ ಎಂದು ಹೆಸರಿಟ್ಟುಕೊಂಡು ಹುಟ್ಟಿದ ಊರನ್ನು ನಲವತ್ತು ವರ್ಷಗಳೊಳಗೆ ರಾಜರೇ ಬಿಟ್ಟು ಹೋದರು. ಮತ್ತೆ ಬಂದರು, ಮತ್ತೆ ಬಿಟ್ಟರು. ಇವತ್ತು ಮಾಂಡಲೆಯವರು ಅದನ್ನು ‘ತೌಂಗ್‌ಮ್ಯೊ’ ಎನ್ನುತ್ತಾರೆ. ಎಂದರೆ ತೆಂಕಣ ಊರು, ಅಷ್ಟೆ.

ನಾನು ಈ ದಾರಿಯಲ್ಲಿ ಹೋದದ್ದು 2021ರ ಸೇನಾಕ್ರಾಂತಿಗಿಂತ ಮೊದಲು. ಗೈಡ್ ಆಗಿ ಬಂದವರು ಐವತ್ತು ದಾಟಿದ ಹಿರಿಯರು. ಅಲ್ಲಿ ಹಿರಿಯ ಗಂಡಸರನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಾನೂ ಎಲ್ಲರಂತೆ ‘ಊಲೇ’ ಎನ್ನುತ್ತಿದ್ದೆ. ನಮ್ಮಲ್ಲಿ ಚಿಕ್ಕಪ್ಪ ಅಂದ ಹಾಗೆ. ಅವರಿಗೆ ಇಸವಿಗಳ ಮೇಲೆ ಅಷ್ಟು ಪ್ರೀತಿಯಿರಲಿಲ್ಲ. ಯಾವ ಊರಿಗೆ ಹೋದರೂ ಈ ಕಂಬ ಎಲ್ಲಿಂದ ಬಂತು, ಈ ಮೂರ್ತಿ ಎಲ್ಲಿಂದ ಬಂತು, ಈ ಕಸುಬಿನವರು ಎಲ್ಲಿಂದ ಬಂದರು ಎಂದೇ ಅವರು ಮಾತು ಶುರುಮಾಡುತ್ತಿದ್ದರು. ಆ ದಿನ ಅದು ಅವರ ಅಭ್ಯಾಸವೆಂದುಕೊಂಡಿದ್ದೆ. ಊರಿಗೆ ಬಂದು ಓದುತ್ತಾ ಹೋದಂತೆ, ಆ ನಾಡಿನ ಚರಿತ್ರೆಯನ್ನು ಕೇಳಬೇಕಾದ ಕ್ರಮವೇ ಅದು ಎಂದು ತೋರಿತು.

ಮಹಾಮುನಿಯನ್ನೇ ನೋಡಿ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಭಿಕ್ಷುಗಳು ಆ ಕಂಚಿನ ಬುದ್ಧನ ಮುಖ ತೊಳೆಯುತ್ತಾರೆ. ದಿನವಿಡೀ ಗಂಡಸರು ಸಾಲುಗಟ್ಟಿ ಮೈಗೆ ಚಿನ್ನದ ರೇಕು ಅಂಟಿಸುತ್ತಾರೆ. ಹೆಂಗಸರಿಗೆ ಹತ್ತಿರ ಹೋಗಲು ಬಿಡುವುದಿಲ್ಲ. ಅವರು ದೂರದಲ್ಲಿ ಕೂತು ಕೈಮುಗಿಯಬೇಕು. ಇದನ್ನು ನೋಡಿದಾಗ ನನಗಾದ ಕಸಿವಿಸಿಯನ್ನು ಇಲ್ಲಿ ಬೆಳೆಸುವುದಿಲ್ಲ. ಶತಮಾನಗಳ ರೇಕು ಸೇರಿ ಸೇರಿ ಮೂರ್ತಿಯ ಮೈ ಉಬ್ಬುಬ್ಬಾಗಿದೆ; ಮುಖ ಮಾತ್ರ ಹಾಗೇ ನುಣ್ಣಗಿದೆ. ಆ ರೇಕು ಬಡಿಯುವವರ ಕೇರಿ ಮಾಂಡಲೆಯಲ್ಲೇ ಇದೆ. ಬಿದಿರಿನ ಕಾಗದದ ನಡುವೆ ಚಿನ್ನದ ಚೂರುಗಳನ್ನಿಟ್ಟು, ಜಿಂಕೆ ಚರ್ಮದಲ್ಲಿ ಸುತ್ತಿ, ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿಯುತ್ತಾರೆ. ತೂತು ಮಾಡಿದ ತೆಂಗಿನ ಚಿಪ್ಪು ನೀರಿನಲ್ಲಿ ಮುಳುಗುವುದನ್ನು ನೋಡಿ ಹೊತ್ತು ಎಣಿಸುವ ಪದ್ಧತಿ ಅಲ್ಲಿ ಇನ್ನೂ ಇತ್ತು. ನಮ್ಮ ಹಳೆಯ ಗಳಿಗೆ ಬಟ್ಟಲಿನ ತಮ್ಮ ಅದು.

ಈ ಬುದ್ಧ ಮಾಂಡಲೆಯವನಲ್ಲ. ಪಶ್ಚಿಮ ಕರಾವಳಿಯ ಅರಕಾನ್ ರಾಜ್ಯದವನು. ಬೋದಪಯಾ ಎಂಬ ರಾಜ 1784ರಲ್ಲಿ ಅರಕಾನಿನ ಮೇಲೆ ಸೈನ್ಯ ಕಳಿಸಿ, ರಾಜ್ಯವನ್ನು ಗೆದ್ದು, ಮೂರ್ತಿಯನ್ನು ಬೆಟ್ಟಸಾಲು ದಾಟಿಸಿ ತನ್ನ ಹೊಸ ರಾಜಧಾನಿ ಅಮರಪುರದ ಬಳಿಗೆ ತರಿಸಿದ. ಮೂರ್ತಿಯ ಜೊತೆಗೆ ಸುಮಾರು ಇಪ್ಪತ್ತು ಸಾವಿರ ಜನರನ್ನೂ ಸೆರೆ ಹಿಡಿದು ತಂದರು. ದೇವರನ್ನು ತಂದ ಕಥೆ ಗೋಡೆಯ ಮೇಲೆ ಚಿತ್ರವಾಗಿದೆ. ಜನರನ್ನು ತಂದದ್ದನ್ನು ಗೈಡು ಹೇಳಿದರೆ ಉಂಟು.

ಅದೇ ಆವರಣದ ಒಂದು ಪಕ್ಕದ ಕಟ್ಟಡದಲ್ಲಿ ಆರು ಕಂಚಿನ ಮೂರ್ತಿಗಳಿವೆ. ಎರಡು ಶಿವನವು, ಮೂರು ಸಿಂಹಗಳು, ಒಂದು ಮೂರು ತಲೆಯ ಐರಾವತ. ಇವು ಎರಕಗೊಂಡದ್ದು ಕಾಂಬೋಡಿಯಾದಲ್ಲಿ, ಖಮೇರ್ ಅರಸರ ಕಾಲದಲ್ಲಿ. 1431ರಲ್ಲಿ ಸಯಾಮಿನ ಅಯುತ್ಥಯಾದವರು ಅಂಗ್ಕೋರನ್ನು ಗೆದ್ದು ಇವನ್ನು ಒಯ್ದರು. 1569ರಲ್ಲಿ ಬರ್ಮಾದ ಬಯಿನ್ನೌಂಗ್ ಅಯುತ್ಥಯಾವನ್ನು ಗೆದ್ದು ಪೆಗುವಿಗೆ ತಂದ. ಆ ಶತಮಾನದ ಕೊನೆಗೆ ಅರಕಾನಿನವರು ಪೆಗುವನ್ನು ಕೊಳ್ಳೆ ಹೊಡೆದು ತಮ್ಮೂರಿಗೆ ಒಯ್ದರು. ಅಲ್ಲಿಂದ ಬೋದಪಯಾ ಇಲ್ಲಿಗೆ ತಂದ. ನಾಲ್ಕು ಕೊಳ್ಳೆ, ಐದು ಊರು. ಮೊದಲು ಮೂವತ್ತಿದ್ದವಂತೆ, ಈಗ ಆರು. ಈಗ ಜನ ತಮಗೆ ನೋವಿರುವ ಜಾಗವನ್ನು ಮೂರ್ತಿಯ ಅದೇ ಜಾಗಕ್ಕೆ ಉಜ್ಜಿದರೆ ಗುಣವಾಗುತ್ತದೆಂದು ನಂಬುತ್ತಾರೆ. ಹಾಗಾಗಿ ಶಿವನ ಹೊಟ್ಟೆ ಮತ್ತು ಮಂಡಿ ಬಂಗಾರದಂತೆ ಹೊಳೆಯುತ್ತವೆ. ಅದು ಶಿವನೆಂದು ಉಜ್ಜುವವರಲ್ಲಿ ಎಷ್ಟು ಮಂದಿಗೆ ಗೊತ್ತೋ. ಮಂಡಿನೋವಿಗೆ ಅದರ ಗೊಡವೆಯೂ ಇಲ್ಲ.

ಅಮರಪುರದ ಮಗ್ಗದ ಮನೆಗಳಲ್ಲಿ ಪ್ರವಾಸಿಗರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಲ್ಲಬೇಕು. ಅಲ್ಲಿ ನೇಯುವ ಅಲೆಯಲೆಯ ವಿನ್ಯಾಸದ ರೇಷ್ಮೆಗೆ ‘ಲುನ್‌ತಯಾ’ ಎಂಬ ಹೆಸರಿದೆ. ಅರ್ಥ ‘ನೂರು ಲಾಳಿ’. ಒಂದೊಂದು ಬಣ್ಣಕ್ಕೊಂದು ಪುಟ್ಟ ಲಾಳಿ. ಇಬ್ಬರು ಹುಡುಗಿಯರು ಅಕ್ಕಪಕ್ಕ ಕೂತು ಎಳೆಯೆಳೆಯಾಗಿ ಹೆಣೆಯುತ್ತಾರೆ. ಕೆನ್ನೆಗೆ ತನಖಾ ಮರದ ತೊಗಟೆಯನ್ನು ಗಂಧದಂತೆ ತೇಯ್ದು ಹಚ್ಚಿಕೊಂಡಿರುತ್ತಾರೆ. ದಿನಕ್ಕೆ ಗೇಣು ಬಟ್ಟೆ ಮುಂದೆ ಸಾಗಿದರೆ ಹೆಚ್ಚು. ಈ ನೇಯ್ಗೆ ಮಣಿಪುರದಿಂದ ಬಂದ ನೇಕಾರರ ಕೈಯಲ್ಲಿ ಬೆಳೆಯಿತೆಂದು ಹೇಳುವ ವಾಡಿಕೆಯಿದೆ. ‘ಬಂದ’ ಎನ್ನುವುದು ಮೆದುವಾದ ಮಾತು. ಹದಿನೆಂಟನೆಯ ಶತಮಾನದಲ್ಲಿ ಅಲೌಂಗಪಯಾ ಮತ್ತು ಅವನ ಮಗ ಸಿನ್‌ಬ್ಯುಶಿನ್ ಮಣಿಪುರದ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋಗಿ ಸಾವಿರಾರು ಜನರನ್ನು ಹಿಡಿದು ತಂದು ಸಗಾಯಿಂಗ್, ಅಮರಪುರಗಳ ಸುತ್ತ ಕೂರಿಸಿದರು. ನೇಕಾರರು, ಕಮ್ಮಾರರು, ಕುದುರೆ ಸವಾರರು ಅವರಲ್ಲಿದ್ದರು. ಪಂಚಾಂಗ ಬಲ್ಲ ಬ್ರಾಹ್ಮಣರೂ ಇದ್ದರು. ಬರ್ಮೀಯರು ಅವರನ್ನು ಪೊಣ್ಣ ಎನ್ನುತ್ತಾರೆ. ರಾಜಧಾನಿಯನ್ನು ಯಾವ ಗಳಿಗೆಯಲ್ಲಿ ಎಬ್ಬಿಸಬೇಕು, ಎಲ್ಲಿ ನೆಲೆಗೊಳಿಸಬೇಕು ಎಂದು ಲೆಕ್ಕ ಹಾಕುತ್ತಿದ್ದವರು ಈ ಪೊಣ್ಣರೇ. 1767ರಲ್ಲಿ ಅಯುತ್ಥಯಾ ಸುಟ್ಟಾಗ ಅಲ್ಲಿಂದ ಬಂದ ಸೆರೆಯಾಳುಗಳಲ್ಲಿ ನಟರೂ ಸಂಗೀತಗಾರರೂ ಇದ್ದರು. ಬರ್ಮಾದ ಆಸ್ಥಾನದಲ್ಲಿ ರಾಮಾಯಣದ ಆಟ ಮೆರೆದದ್ದು ಅವರಿಂದ.

ಪ್ರವಾಸದ ಚೀಟಿಯಲ್ಲಿ ಇದಕ್ಕೆಲ್ಲ ‘ಸ್ಥಳೀಯ ಬದುಕು’ ಎಂಬ ಶೀರ್ಷಿಕೆ ಇರುತ್ತದೆ. ಸ್ಥಳೀಯ ಎಂದು ನಾವು ಕರೆಯುವ ಆ ಕಸುಬುಗಳಲ್ಲಿ ಹಲವು ಹೀಗೆ ಯುದ್ಧದ ಹಗ್ಗ ಕಟ್ಟಿಸಿಕೊಂಡು ಬಂದವು. ರಾಜ ಎದ್ದು ಹೋದ ಮೇಲೂ ಮಗ್ಗ ಅಲ್ಲೇ ಉಳಿಯಿತು. ಗುಂಡಿ ತೋಡಿ ಹೂಡಿದ ಮಗ್ಗವನ್ನೂ, ಬಣ್ಣದ ಹಂಡೆಯನ್ನೂ, ನೀರಿನ ಅನುಕೂಲವನ್ನೂ ಬಿಟ್ಟು ಯಾರು ಪದೇ ಪದೇ ಹೋಗುತ್ತಾರೆ? ಆ ಊರುಗಳ ನಿಜವಾದ ನಿರಂತರತೆ ಅರಮನೆಯದಲ್ಲ, ಈ ಕೇರಿಗಳದು. ಬಲವಂತದಿಂದ ಬಂದವರೇ ಕೊನೆಗೆ ಊರಿನವರಾಗಿ ಉಳಿದರು.

ಭಿಕ್ಷುಗಳ ಊಟದ ಸಾಲಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಾವಿರಕ್ಕೂ ಹೆಚ್ಚು ಭಿಕ್ಷುಗಳು ಪಾತ್ರೆ ಹಿಡಿದು ಮೌನವಾಗಿ ನಡೆಯುವಾಗ ಎರಡೂ ಬದಿಗೆ ಕ್ಯಾಮೆರಾ ಹಿಡಿದವರ ಇನ್ನೆರಡು ಸಾಲುಗಳಿದ್ದವು. ಎಂಟು ವರ್ಷದ ಹುಡುಗನೊಬ್ಬ ತಲೆ ತಗ್ಗಿಸಿ ಹೋಗುತ್ತಿದ್ದ. ನಾನು ಚಿತ್ರ ತೆಗೆಯಲಿಲ್ಲ.

ಅಮರಪುರದ ಚಿತ್ರಗಳ ಮಾತು ಬಂದರೆ ನಮ್ಮ ಬೆಂಗಳೂರಿಗೆ ಅದರಲ್ಲೊಂದು ಪಾಲಿದೆ. 1855ರಲ್ಲಿ ಬ್ರಿಟಿಷರು ಆರ್ಥರ್ ಫೇಯರ್‌ನ ಮುಂದಾಳತ್ವದಲ್ಲಿ ಮಿಂಡೋನ್ ರಾಜನ ಬಳಿಗೆ ನಿಯೋಗವೊಂದನ್ನು ಕಳಿಸಿದರು. ಮೂರು ವರ್ಷದ ಹಿಂದೆ ತಾವು ಕಿತ್ತುಕೊಂಡಿದ್ದ ಕೆಳ ಬರ್ಮಾವನ್ನು ಬಿಟ್ಟುಕೊಟ್ಟೆ ಎಂದು ರಾಜನಿಂದ ಬರೆಸಿಕೊಳ್ಳುವುದು ಅವರ ಆಸೆ. ಮಿಂಡೋನ್ ಉಪಚಾರ ಮಾಡಿದ, ಸಹಿ ಮಾಡಲಿಲ್ಲ. ಆ ನಿಯೋಗದ ಜೊತೆ ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಎಂಬಾತ ಛಾಯಾಗ್ರಾಹಕನಾಗಿ ಹೋದ. ಅದರ ಹಿಂದಿನ ವರ್ಷ, 1854ರ ಡಿಸೆಂಬರಿನಲ್ಲಿ, ಹಳೇಬೀಡು ಬೇಲೂರುಗಳ ಶಿಲ್ಪಗಳನ್ನು ಚಿತ್ರ ತೆಗೆದು ಕೈ ಪಳಗಿಸಿಕೊಂಡಿದ್ದವನು ಆತ. ಮಳೆಗಾಲದ ಮೋಡದ ನಡುವೆ, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ, ಅಮರಪುರದ ಬೀದಿ, ವಿಹಾರ, ಮರದ ಕೆತ್ತನೆಗಳನ್ನು ಹಿಡಿದ. ಬೆಂಗಳೂರಿಗೆ ಮರಳಿದ ಮೇಲೆ ಇಲ್ಲಿಯೇ ಸಹಾಯಕರನ್ನಿಟ್ಟುಕೊಂಡು ನೂರಿಪ್ಪತ್ತು ಚಿತ್ರಗಳ ಐವತ್ತು ಸಂಪುಟಗಳನ್ನು ಅಚ್ಚು ಹಾಕಿಸಿದ.

ಆ ಕೆಲಸ ಮುಗಿಯುವ ಹೊತ್ತಿಗೆ ಅತ್ತ ಅಮರಪುರವೇ ಕರಗತೊಡಗಿತ್ತು. 1857ರ ಫೆಬ್ರವರಿಯಲ್ಲಿ ಮಿಂಡೋನ್ ಮಾಂಡಲೆ ಗುಡ್ಡದ ಬುಡದಲ್ಲಿ ಹೊಸ ರಾಜಧಾನಿಗೆ ತಳಪಾಯ ಹಾಕಿದ. ಬುದ್ಧಶಕೆಯ ಇಪ್ಪತ್ನಾಲ್ಕನೆಯ ಶತಮಾನ ತುಂಬುವ ವರ್ಷದಲ್ಲಿ ಇಲ್ಲಿ ಮಹಾನಗರವೊಂದು ಏಳುತ್ತದೆ ಎಂದು ಬುದ್ಧನೇ ಬೆರಳು ತೋರಿ ಹೇಳಿದ್ದನೆಂಬ ನಂಬಿಕೆ ಇತ್ತು. ಅರ್ಧ ರಾಜ್ಯ ಕಳೆದುಕೊಂಡ ರಾಜನಿಗೆ ಹೊಸ ಆರಂಭದ ಅಗತ್ಯವೂ ಇತ್ತು. ಅಮರಪುರದ ಅರಮನೆಯ ಕಟ್ಟಡಗಳನ್ನು ಬಿಚ್ಚಿ ಆನೆಗಳ ಮೇಲೆ ಸಾಗಿಸಿದರು. ಕೋಟೆಯ ಇಟ್ಟಿಗೆಗಳು ಮುಂದೆ ರಸ್ತೆಗೂ ರೈಲು ದಾರಿಗೂ ಹೋದವು. ಅಮರಪುರ ರಾಜಧಾನಿಯಾಗಿದ್ದ ಕಾಲದಲ್ಲಿ ಹೇಗಿತ್ತೆಂದು ಇವತ್ತು ನೋಡಬೇಕಾದರೆ ಬೆಂಗಳೂರಿನಲ್ಲಿ ತಯಾರಾದ ಆ ಕಾಗದಗಳೇ ಗತಿ. ತಮಾಷೆಯೆಂದರೆ, ನಿಯೋಗದ ಕಾರ್ಯದರ್ಶಿ ಹೆನ್ರಿ ಯೂಲ್ ತನ್ನ ಪುಸ್ತಕದ ಹೆಸರಿನಲ್ಲಿ ‘ಆವಾದ ಆಸ್ಥಾನ’ ಎಂದೇ ಬರೆದ. ರಾಜರು ಆವಾ ಬಿಟ್ಟು ಹತ್ತು ವರ್ಷಗಳ ಮೇಲಾಗಿತ್ತು. ಕಡತಗಳಿಗೆ ಆನೆಗಳ ವೇಗವಿರಲಿಲ್ಲ.

ಸಗಾಯಿಂಗ್ 1315ರಲ್ಲೇ ರಾಜಧಾನಿಯಾಗಿದ್ದ ಊರು, ಆಮೇಲೆ ಅಲೌಂಗಪಯಾನ ಹಿರಿಯ ಮಗನ ಕಾಲದಲ್ಲಿ ಮೂರ್ನಾಲ್ಕು ವರ್ಷ ಇನ್ನೊಮ್ಮೆ. ಈಗ ಗುಡ್ಡದ ತುಂಬ ಬಿಳಿ ಮತ್ತು ಚಿನ್ನದ ಪಗೋಡಗಳು, ಭಿಕ್ಷುಗಳ ಮತ್ತು ಭಿಕ್ಷುಣಿಯರ ವಿಹಾರಗಳು. ರಾಜಧಾನಿಯ ಗುರುತು ಹುಡುಕಿದರೂ ಸಿಗುವುದಿಲ್ಲ. ಗುಡ್ಡದ ಮೇಲಿಂದ ನದಿಯನ್ನು ನೋಡುವಾಗ ಮಾತ್ರ ಇಡೀ ಕಥೆ ಒಂದೇ ನೋಟಕ್ಕೆ ಸಿಗುತ್ತದೆ: ಬುಡದಲ್ಲಿ ಐರಾವತಿ, ಎದುರು ದಡದಲ್ಲಿ ಇನ್ವಾದ ಹಸಿರು, ಆಚೆ ಅಮರಪುರದ ಕೆರೆ, ಇನ್ನೂ ಆಚೆ ಮಂಜಿನಲ್ಲಿ ಮಾಂಡಲೆ. ನದಿಗೆ ಅಡ್ಡಲಾಗಿ 1934ರಲ್ಲಿ ಬ್ರಿಟಿಷರು ಕಟ್ಟಿದ ಕಬ್ಬಿಣದ ಆವಾ ಸೇತುವೆ.

ಇನ್ವಾಕ್ಕೆ ದೋಣಿಯಲ್ಲಿ ಮಿಂಗೆ ನದಿ ದಾಟಿ ಹೋಗಬೇಕು. ಆಚೆ ದಡದಲ್ಲಿ ಕುದುರೆಗಾಡಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. 1365ರಿಂದ 1842ರವರೆಗೆ ಐದು ಬಾರಿ ರಾಜಧಾನಿಯಾಗಿ, ಒಟ್ಟು ಮುನ್ನೂರರುವತ್ತು ವರ್ಷಗಳಷ್ಟು ಕಾಲ ಆಳಿದ ಊರು ಇದು. ಈಗ ಬಾಳೆ ತೋಟ, ಭತ್ತದ ಗದ್ದೆ, ಅಲ್ಲಲ್ಲಿ ಹಳ್ಳಿ. ಗದ್ದೆಯ ಬದುವಿನ ಪಕ್ಕದಲ್ಲೇ ಕೋಟೆ ಗೋಡೆಯ ತುಂಡು ಇರುತ್ತದೆ, ಅದರ ಮೇಲೆ ಯಾರೋ ಬಟ್ಟೆ ಒಣಗಿಸಿರುತ್ತಾರೆ. ನನಗೆ ಆ ಇಡೀ ದಿನದಲ್ಲಿ ಹೆಚ್ಚು ಹಿಡಿಸಿದ ಊರು ಇದೇ. ಚರಿತ್ರೆಯನ್ನು ಬೇಲಿ ಹಾಕಿ ಎತ್ತಿಟ್ಟಿರಲಿಲ್ಲ.

ಇನ್ವಾದ ಅಂತ್ಯ ಬಂದದ್ದು 1839ರ ಮಾರ್ಚ್ 23ರಂದು, ಭೂಕಂಪದ ರೂಪದಲ್ಲಿ. ಅದಾದ ಮೇಲೆ ಥರ್ರವಾಡಿ ರಾಜ ಮತ್ತೆ ಅಮರಪುರಕ್ಕೆ ಹೋದ. ಉಳಿದವುಗಳಲ್ಲಿ ಮೂರನ್ನು ಎಲ್ಲರಿಗೂ ತೋರಿಸುತ್ತಿದ್ದರು. ಅರಮನೆಯದೆಂದು ಹೇಳಬಹುದಾದ ಒಂದೇ ಒಂದು ಅವಶೇಷ, ಇಪ್ಪತ್ತೇಳು ಮೀಟರ್ ಎತ್ತರದ ವಾಲಿದ ಕಾವಲು ಗೋಪುರ. ಇನ್ನೂರ ಅರವತ್ತೇಳು ತೇಗದ ಕಂಬಗಳ ಬಗಯಾ ವಿಹಾರ. ಅದರ ಒಳಗಿನ ಕತ್ತಲಿನಲ್ಲಿ ಹಳ್ಳಿಯ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಮೂರನೆಯದು, ಬಗ್ಯಿಡೋ ರಾಜನ ಪಟ್ಟದರಾಣಿ ಮೆ ನು ತನ್ನ ಗುರುವಿಗಾಗಿ ಕಟ್ಟಿಸಿದ ವಿಹಾರ. ಅದರ ವಿಶೇಷ ಎಂದರೆ ಇಟ್ಟಿಗೆ ಗಾರೆಗಳಲ್ಲಿ ಕಟ್ಟಿದ್ದರೂ ಮರದ ಕಟ್ಟಡದ ರೂಪವನ್ನೇ ಕೊಟ್ಟಿದ್ದರು. ಮಾಡಿನ ಮೇಲೆ ಮಾಡು, ಮರಗೆಲಸದವರ ಬಳ್ಳಿ ಸುರುಳಿಗಳು, ಎಲ್ಲ ಗಾರೆಯಲ್ಲಿ. ಮರ ಸುಟ್ಟೀತು, ಕೊಳೆತೀತು, ಇಟ್ಟಿಗೆಯಾದರೆ ಉಳಿಯುತ್ತದೆ ಎಂದು ರಾಣಿ ಯೋಚಿಸಿರಬೇಕು.

ಅಲ್ಲಿಂದ ಸಂಜೆಗೆ ಊ ಬೇನ್ ಸೇತುವೆ. ಪೋಸ್ಟ್‌ಕಾರ್ಡುಗಳಿಂದ ಜಗತ್ತಿಗೆಲ್ಲ ಗೊತ್ತಿರುವ, ತೌಂಗ್‌ತಮಾನ್ ಕೆರೆಯ ಮೇಲಿನ 1.2 ಕಿಲೋಮೀಟರ್ ಉದ್ದದ ಮರದ ಕಾಲುಸೇತುವೆ. 1851ರ ಹೊತ್ತಿಗೆ ಮುಗಿದದ್ದು. ಸಾವಿರಕ್ಕೂ ಹೆಚ್ಚು ಕಂಬಗಳು. ಆ ಕಂಬಗಳು ಇನ್ವಾದ ಅರಮನೆಯವು! ಭೂಕಂಪದ ನಂತರ ರಾಜರು ಬಿಟ್ಟು ಬಂದ ಹಳೆಯ ತೇಗವನ್ನು ತಂದು ಕೆರೆಯಲ್ಲಿ ನೆಟ್ಟು, ಮೇಲೆ ಹಲಗೆ ಹಾಸಿ, ಹಳ್ಳಿಯವರು ಊರಿಗೆ ಬಂದು ಹೋಗುವ ದಾರಿ ಮಾಡಿದರು. ಮಾಡಿಸಿದ ಊ ಬೇನ್ ಪಗಾನ್ ಮಿನ್ ರಾಜನ ಕಾಲದ ಅಧಿಕಾರಿ. ಶ್ರೀಮಂತರನ್ನು ಕೊಲ್ಲಿಸಿ ಹಣ ಮಾಡಿದ ಕುಖ್ಯಾತಿ ಆ ರಾಜನ ಅಧಿಕಾರಿಗಳಿಗಿದೆ. ಇವನ ಹೆಸರನ್ನು ಮಾತ್ರ ಸೇತುವೆ ಕಾಪಾಡಿತು. ಟ್ರೈಪ್ ಚಿತ್ರಗಳಲ್ಲೂ ಅಮರಪುರದ ಮರದ ಸೇತುವೆಯೊಂದಿದೆ. ಬೆಳಿಗ್ಗೆಯಿಂದ ಅರಮನೆ ಎಲ್ಲಿ ಎಂದು ಹುಡುಕುತ್ತಿದ್ದವರು ಸಂಜೆ ಅದರ ಮೇಲೆಯೇ ನಡೆದಾಡಿರುತ್ತಾರೆ. ಒಬ್ಬ ರಾಜನ ತಲೆಯ ಮೇಲಿನ ಭಾರ ಹೊತ್ತಿದ್ದ ಕಂಬಗಳು ನೂರೆಪ್ಪತ್ತು ವರ್ಷಗಳಿಂದ ಸೈಕಲ್ ತಳ್ಳಿಕೊಂಡು ಹೋಗುವವರನ್ನೂ, ಬಾತುಕೋಳಿ ಸಾಕುವವರನ್ನೂ, ಬುಟ್ಟಿ ಹೊತ್ತ ಹೆಂಗಸರನ್ನೂ ಹೊರುತ್ತಿವೆ. ಈ ಬಡ್ತಿಯನ್ನು ನಾನು ಅವನತಿ ಎಂದು ಕರೆಯಲಾರೆ.

ಒಂದು ದಿನದ ಪ್ರವಾಸ ಇಲ್ಲಿಗೆ ಮುಗಿಯುತ್ತದೆ. ಮಾಂಡಲೆ ಅದರಲ್ಲಿ ಸೇರಿಲ್ಲ. ಆದರೆ ಕಥೆ ಅಲ್ಲಿಗೆ ಹೋಗದೆ ಪೂರ್ತಿಯಾಗುವುದಿಲ್ಲ.

ಮಾಂಡಲೆಯ ಕೋಟೆ ಒಂದೊಂದು ಬದಿಗೆ ಎರಡು ಕಿಲೋಮೀಟರ್ ಉದ್ದದ ಚೌಕ. ಸುತ್ತ ಅಗಲವಾದ ಕಂದಕ, ಹನ್ನೆರಡು ಬಾಗಿಲು. 1878ರಲ್ಲಿ ಮಿಂಡೋನ್ ತೀರಿಕೊಂಡ. ಅವನು ಪ್ರಾಣ ಬಿಟ್ಟ ಕೋಣೆಗಳಿದ್ದ ಚಿನ್ನದ ಲೇಪದ ಕಟ್ಟಡವನ್ನು ಮಗ ಥೀಬಾ ಬಿಚ್ಚಿಸಿ ಕೋಟೆಯ ಹೊರಗೆ ವಿಹಾರವಾಗಿ ನಿಲ್ಲಿಸಿದ. ತಂದೆಯ ಆತ್ಮ ಅಲ್ಲೇ ಸುಳಿಯುತ್ತಿದೆಯೆಂದು ಹೆದರಿದನಂತೆ. ಅದರ ಹೆಸರು ಶ್ವೇನಂದೋ. ಮೊದಲು ಅಮರಪುರದಲ್ಲಿದ್ದು ಮಾಂಡಲೆಗೆ ಬಂದದ್ದು, ಈಗ ಇನ್ನೊಮ್ಮೆ ಜಾಗ ಬದಲಿಸಿತು. 1885ರ ನವೆಂಬರಿನಲ್ಲಿ ತೇಗದ ವ್ಯಾಪಾರದ ಜಗಳವೊಂದನ್ನು ನೆಪ ಮಾಡಿಕೊಂಡು ಬ್ರಿಟಿಷರು ಬಂದರು. ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಕಾಡಿನಿಂದ ಸಾಗಿಸಿದ ಮರಕ್ಕೆ ಸರಿಯಾದ ಲೆಕ್ಕ ಕೊಟ್ಟಿಲ್ಲವೆಂದು ಆಸ್ಥಾನ ದಂಡ ಹಾಕಿತ್ತು. ಅರಮನೆ ಕಟ್ಟುತ್ತಿದ್ದ ಮರವೇ ಅರಸೊತ್ತಿಗೆಗೆ ಮುಳುವಾಯಿತು. ಎರಡು ವಾರಗಳಲ್ಲಿ ಯುದ್ಧ ಮುಗಿದು, ಥೀಬಾ ಮತ್ತು ರಾಣಿ ಸುಪಯಾಲತ್ ಹಡಗು ಹತ್ತಿದರು. ಮೊದಲು ಮದ್ರಾಸ್, ಆಮೇಲೆ ಕೊಂಕಣ ಕರಾವಳಿಯ ರತ್ನಗಿರಿ.

ಅಲ್ಲಿಯವರೆಗೆ ರಾಜ ಎದ್ದಾಗ ಅರಮನೆಯೂ ಜೊತೆಗೆ ಎದ್ದು ಹೋಗುತ್ತಿತ್ತು. ಈ ಸಲ ರಾಜ ಮಾತ್ರ ಹೋದ, ಅರಮನೆ ನಿಂತಲ್ಲೇ ನಿಂತಿತು. ಬ್ರಿಟಿಷರು ಅದನ್ನು ದಂಡಿನ ಪ್ರದೇಶ ಮಾಡಿಕೊಂಡರು, ಸಿಂಹಾಸನದ ಹಜಾರವೊಂದರಲ್ಲಿ ಕ್ಲಬ್ಬು ನಡೆಸಿದರು. 1901ರಲ್ಲಿ ಬಂದ ಕರ್ಜನ್ ಅದನ್ನು ನೋಡಿ ಸಿಟ್ಟಾಗಿ ಎಬ್ಬಿಸಿದ. ಸಿಂಹದ ಸಿಂಹಾಸನವನ್ನು ಕಲ್ಕತ್ತೆಯ ವಸ್ತುಸಂಗ್ರಹಾಲಯಕ್ಕೆ ಒಯ್ದರು. 1945ರ ಮಾರ್ಚಿನಲ್ಲಿ, ಜಪಾನೀಯರು ಕೋಟೆಯೊಳಗಿದ್ದಾಗ ಬಿದ್ದ ಬಾಂಬುಗಳಿಂದ ಅರಮನೆ ಪೂರ್ತಿ ಸುಟ್ಟುಹೋಯಿತು. ಉಳಿದ ಸಿಂಹಾಸನಗಳೂ ಬೂದಿಯಾದವು. ದೂರದ ಕಲ್ಕತ್ತೆಗೆ ಹೋಗಿದ್ದ ಒಂದು 1948ರಲ್ಲಿ ಮರಳಿ ಬಂತು, ಈಗ ಯಾಂಗೋನಿನಲ್ಲಿದೆ. ಥೀಬಾ ಹೆದರಿ ಹೊರಗೆ ಹಾಕಿದ್ದ ಶ್ವೇನಂದೋ ಕೂಡ ಬೆಂಕಿಗೆ ಸಿಗಲಿಲ್ಲ. ಐದು ಶತಮಾನಗಳ ಆ ಮರಗೆಲಸದಲ್ಲಿ ನಮ್ಮ ಕಣ್ಣಿಗೆ ಬೀಳುವಂತೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಹೀಗೆ ಜಾಗ ಬಿಟ್ಟು ಕದಲಿದ್ದೇ.

ಕೋಟೆಯೊಳಗೆ ಈಗ ಕಾಣುವ ಅರಮನೆ ಸೇನಾ ಸರ್ಕಾರ 1990ರ ದಶಕದಲ್ಲಿ ಕಟ್ಟಿಸಿದ್ದು. ತಗಡಿನ ಮಾಡು, ಕಾಂಕ್ರೀಟು. ಆ ವರ್ಷಗಳಲ್ಲಿ ಕಂದಕದ ಹೂಳೆತ್ತಲು ಖೈದಿಗಳನ್ನೂ ಊರವರನ್ನೂ ಬಿಟ್ಟಿ ದುಡಿಸಿದರೆಂಬ ದೂರು ಹೊರಜಗತ್ತಿನವರೆಗೂ ಬಂದಿತ್ತು. ರಾಜರ ಕಟ್ಟಡವನ್ನು ಮತ್ತೆ ಕಟ್ಟುವಾಗ ರಾಜರ ರೀತಿಯನ್ನೂ ನೆನಪಿಟ್ಟುಕೊಂಡಿದ್ದರು. ಅದೇ ಸೇನಾಧಿಕಾರಿಗಳು 2005ರ ನವೆಂಬರ್ 6ರಂದು ಬೆಳಿಗ್ಗೆ 6 ಗಂಟೆ 37 ನಿಮಿಷಕ್ಕೆ ಯಾಂಗೋನಿನಿಂದ ಲಾರಿಗಳನ್ನು ಹೊರಡಿಸಿ ಹೊಸ ರಾಜಧಾನಿಗೆ ಹೋದರು. ಆ ಮುಹೂರ್ತ ಇಟ್ಟವರು ಜ್ಯೋತಿಷಿಗಳೆಂದು ಎಲ್ಲರೂ ಹೇಳುತ್ತಾರೆ. ಹೊಸ ಊರಿನ ಹೆಸರು ನೇಪ್ಯಿಡೋ, ರಾಜರ ಬೀಡು.

ಥೀಬಾ 1916ರ ಡಿಸೆಂಬರಿನಲ್ಲಿ ರತ್ನಗಿರಿಯಲ್ಲೇ ತೀರಿಕೊಂಡ. ಕೊನೆಯ ಕೆಲವು ವರ್ಷ ಅವನಿಗೆಂದು ಬ್ರಿಟಿಷರು ಕಟ್ಟಿಸಿದ ಕೆಂಪು ಕಲ್ಲಿನ ಮನೆ ಈಗಲೂ ಸಮುದ್ರದತ್ತ ಮುಖ ಮಾಡಿ ನಿಂತಿದೆ; ಸಮಾಧಿಯೂ ಆ ಊರಿನಲ್ಲೇ ಇದೆ. ರತ್ನಪುರದ ವಂಶದವನಿಗೆ ರತ್ನಗಿರಿಯಲ್ಲಿ ಮಣ್ಣು. ಅವನ ಹಿರಿಯ ಮಗಳು ಬರ್ಮಾಕ್ಕೆ ಹೋದವಳು ಮತ್ತೆ ರತ್ನಗಿರಿಗೇ ಮರಳಿ ಬಂದಳು. ಆಕೆಯ ಮಗಳು ಮರಾಠಿ ಮಾತಾಡುತ್ತಾ ಅಲ್ಲೇ ಸಂಸಾರ ಮಾಡಿದಳು. ಇತ್ತ ದೆಹಲಿಯ ಕೊನೆಯ ಬಾದಶಹ ಬಹದ್ದೂರ್ ಶಾ ಜಫರ್ 1862ರಲ್ಲಿ ರಂಗೂನಿನಲ್ಲಿ ಸತ್ತಿದ್ದ. ಬ್ರಿಟಿಷರ ಕೈಯಲ್ಲಿ ರಾಜರೂ ಸಾಗಿಸುವ ಸರಕಾಗಿದ್ದರು.

2025ರ ಮಾರ್ಚ್ 28ರ ಮಧ್ಯಾಹ್ನ, ಸಗಾಯಿಂಗ್ ಬಿರುಕಿನ ಉದ್ದಕ್ಕೂ 7.7ರ ತೀವ್ರತೆಯಲ್ಲಿ ನೆಲ ಕಂಪಿಸಿತು. 1839ರ ಭೂಕಂಪಕ್ಕೆ ನೂರೆಂಬತ್ತಾರು ವರ್ಷ ತುಂಬಿ ಐದು ದಿನವಾಗಿತ್ತು. ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂತರ್ಯುದ್ಧದ ನಡುವೆ ಸಿಕ್ಕಿದ್ದ ಸಗಾಯಿಂಗ್ ಸುತ್ತಿನ ಹಳ್ಳಿಗಳಿಗೆ ನೆರವು ಬೇಗ ತಲುಪಲಿಲ್ಲ. ಆವಾ ಸೇತುವೆ ನದಿಗೆ ಬಿತ್ತು. ಮಹಾಮುನಿಯ ಮಂದಿರ ಬಿರಿಯಿತು, ಮಾಂಡಲೆಯ ಕೋಟೆ ಗೋಡೆ ಅಲ್ಲಲ್ಲಿ ಕುಸಿಯಿತು, ನೇಪ್ಯಿಡೋದ ವಿಮಾನ ನಿಲ್ದಾಣದ ಗೋಪುರ ಉರುಳಿತು. ಇನ್ವಾದಲ್ಲಿ ರಾಣಿ ಮೆ ನು ಉಳಿಯಲೆಂದು ಇಟ್ಟಿಗೆಯಲ್ಲಿ ಕಟ್ಟಿಸಿದ್ದ ವಿಹಾರ ಕುಸಿದು ರಾಶಿಯಾಯಿತು. ಊಲೇ ಬದುಕಿದ್ದಾರೆ ಎಂಬ ಸುದ್ದಿ ನನಗೆ ತಲುಪಿದ್ದು ಮೂರು ವಾರಗಳ ನಂತರ.

ಆ ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿಯೂ ಬಂತು. ಇನ್ವಾದ ಬಳಿ ತಡಾ ಊ ಎಂಬಲ್ಲಿ ನೆಲ ಬಾಯಿಬಿಟ್ಟ ಕಡೆ ಹಳೆಯ ಇಟ್ಟಿಗೆಯ ಮೆಟ್ಟಿಲುಗಳು ಕಾಣಿಸಿಕೊಂಡಿದ್ದವು. 2009ರಲ್ಲೇ ಊರವರು ಇಟ್ಟಿಗೆ ಸುಡಲು ಮಣ್ಣು ಅಗೆಯುವಾಗ ಅದರ ತುದಿ ಸಿಕ್ಕಿತ್ತಂತೆ. ಈಗ ಪುರಾತತ್ವ ಇಲಾಖೆಯವರು ಅಳತೆ ಹಿಡಿದು ನೋಡಿ, ತಾಳೆಗರಿ ಹಸ್ತಪ್ರತಿಯೊಂದರಲ್ಲಿ ವಿವರಿಸಿರುವ ರಾಜರ ನೀರಿನರಮನೆಯನ್ನು ಇದು ಹೋಲುತ್ತದೆ ಎಂದರು. ತೇಗದ ಆ ಅರಮನೆಯ ಒಂದು ಹಲಗೆಯೂ ಅಲ್ಲಿಲ್ಲ. ನೀರಿನ ಕಡೆಗೆ ಇಳಿಯುವ ಮೆಟ್ಟಿಲುಗಳಿವೆ.